ನಾಲ್ಕನೇ ಮಹಡಿಯವರು

ಸಿಯಾಟಲ್
ಮೇ ೧೮, ೧೯೬೧

ಪ್ರೀತಿಯ ನುಯಿ ಚಿಕ್ಕಮ್ಮನವರಿಗೆ,

ಫುಜಿಯೆ ಮಾಡುವ ನಮಸ್ಕಾರಗಳು. ಅಲ್ಲಿ ಈಗ ಗದ್ದೆಗೆ ನೀರು ಬಿಡುವ ಕಾಲ. ಮಂಡಿನೋವು ಇಟ್ಟುಕೊಂಡು ಕೆಸರಿಗೆ ಇಳಿಯಬೇಡಿ ಎಂದು ಬರೆಯೋಣ ಎಂದುಕೊಂಡೆ. ನೀವು ಕೇಳುವವರಲ್ಲ ಎಂಬುದೂ ನೆನಪಾಯಿತು.

ನೀವು ಅಮ್ಮನಿಗೆ ಬರೆದ ಕಾಗದ ಬಂದು ಹದಿನೆಂಟು ದಿನವಾಯಿತು. ಅಡುಗೆಮನೆಯ ಮೇಜಿನ ಮೇಲೆಯೇ ಇದೆ. “ಅಕ್ಕ, ಬೇಡ ಅನ್ನಬೇಡ. ನಲವತ್ತಮೂರು ವರ್ಷ ಆಯಿತು. ಸೆಪ್ಟೆಂಬರಿನಲ್ಲಿ ಕೋಬೆಯಿಂದ ಹಡಗು ಹತ್ತುತ್ತೇನೆ. ನಿನ್ನ ಮುಖ ನೋಡದೆ ನಾನು ಸಾಯುವವಳಲ್ಲ” ಎಂದು ಬರೆದಿದ್ದೀರಿ. ಊಟಕ್ಕೆ ಕೂತಾಗಲೆಲ್ಲ ಆ ಸಾಲು ಕಣ್ಣಿಗೆ ಬೀಳುತ್ತದೆ. ನೀವು ಹಡಗು ಹತ್ತುವ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕು. ಓದಿದ ಮೇಲೆ ಬರುವುದೋ ಬಿಡುವುದೋ ನಿಮ್ಮ ಇಷ್ಟ.

ಮೊದಲು ಒಂದು ಸುದ್ದಿ. ಅಪ್ಪ ಫೆಬ್ರವರಿ ಒಂಬತ್ತರಂದು ತೀರಿಕೊಂಡರು. ಎಪ್ಪತ್ತಮೂರು ತುಂಬಿತ್ತು. ಕೊನೆಯ ದಿನಗಳಲ್ಲಿ ನೋವೇನೂ ಇರಲಿಲ್ಲ. ಬೌದ್ಧ ಮಂದಿರದಲ್ಲಿ ಎಲ್ಲ ವಿಧಿಗಳೂ ನಡೆದವು. ಹೋಟೆಲಿನ ಹಳಬರು ಆರು ಜನ ಬಂದಿದ್ದರು.

ಅಪ್ಪನನ್ನು ನೀವು ನೋಡಿದವರಲ್ಲ. ಮದುವೆ ಮಾತುಕತೆಗೆ ಬಂದ ಫೋಟೋ ಮಾತ್ರ ನೋಡಿದ್ದೀರಿ. ಆ ಫೋಟೋದಲ್ಲಿ ಹಾಕಿಕೊಂಡಿದ್ದ ಕೋಟು ಹೋಟೆಲಿನ ಅತಿಥಿಯೊಬ್ಬರು ಮರೆತುಹೋದದ್ದಂತೆ. ಅಪ್ಪ ನಗುತ್ತಾ ಹೇಳುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಈ ಊರಿಗೆ ಬಂದ ಉನೊಸುಕೆ ನಿಶಿಬೊರಿ ಮೊದಲು ಕ್ಯಾಲ್ಡರ್ ಹೌಸ್ ಹೋಟೆಲಿನಲ್ಲಿ ತಟ್ಟೆ ತೊಳೆದರು. ಆಮೇಲೆ ಹಾಸಿಗೆ ಹಾಸಿದರು. ಎಂಟು ವರ್ಷವಾದ ಮೇಲೆ ಅವರ ಕೈಗೆ ಬಿಳಿಯ ಗ್ಲೌಸು ಕೊಟ್ಟು ಲಿಫ್ಟಿನಲ್ಲಿ ನಿಲ್ಲಿಸಿದರು. ಯುದ್ಧದ ಮೂರು ವರ್ಷ ಬಿಟ್ಟರೆ, ಕೆಲಸದಿಂದ ನಿವೃತ್ತರಾಗುವವರೆಗೂ ಅಲ್ಲೇ ನಿಂತಿದ್ದರು. ಹೋಟೆಲಿನ ಅಭ್ಯಾಸ ಮನೆಗೂ ಬಂದಿತ್ತು. ನಮ್ಮ ಎರಡು ಕೋಣೆಯ ಮನೆಯ ಬಾಗಿಲನ್ನೂ ಎರಡು ಸಲ ಬಡಿದು, “ಬರಬಹುದಾ?” ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ನನ್ನ ಹಾಸಿಗೆಯ ಚಾದರದ ಮೂಲೆಗಳನ್ನು ಕಾಗದ ಮಡಚಿದಂತೆ ಮಡಚುತ್ತಿದ್ದರು. ಕಾಲು ಆಡಿಸಲೂ ಆಗದಷ್ಟು ಬಿಗಿ.

ಅದು ಕಬ್ಬಿಣದ ಜಾಲರಿಯ ಲಿಫ್ಟು. ಹಿಡಿಕೆ ತಿರುಗಿಸಿ ಮೇಲೆ ಕೆಳಗೆ ಓಡಿಸಬೇಕು. ಒಳಗೆ ಒಂದು ಪುಟ್ಟ ಪೆಟ್ಟಿಗೆ. ಯಾವುದಾದರೂ ಮಹಡಿಯಲ್ಲಿ ಯಾರಾದರೂ ಗುಂಡಿ ಒತ್ತಿದರೆ ಗಂಟೆ ಹೊಡೆದು, ಆ ಮಹಡಿಯ ಅಂಕಿ ಬರೆದ ತಗಡು ಆ ಪೆಟ್ಟಿಗೆಯಲ್ಲಿ ಕೆಳಕ್ಕೆ ಬೀಳುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಬೇಸಿಗೆ ರಜೆಯಿಡೀ ಅಪ್ಪನಿಗೆ ಮಧ್ಯಾಹ್ನದ ಬುತ್ತಿ ಒಯ್ಯುತ್ತಿದ್ದವಳು ನಾನು. ಒಂದು ಸುತ್ತು ಮೇಲೆ ಹೋಗಿ ಬರುವುದು ನನ್ನ ಸಂಬಳ.

ಒಂದು ದಿನ ಲಿಫ್ಟಿನಲ್ಲಿ ಆರನೇ ಮಹಡಿಯ ಖಾಯಂ ಬಾಡಿಗೆಯವರಾದ ಮಿಸೆಸ್ ಹ್ಯಾಲೊರನ್ ಇದ್ದರು. ನಾಲ್ಕರ ತಗಡು ಬಿತ್ತು. ಗಂಟೆ ಹೊಡೆಯಲಿಲ್ಲ. ಅಪ್ಪ ನಿಲ್ಲಿಸಿ ಜಾಲರಿ ಸರಿಸಿದರು. ಕಾರಿಡಾರಿನಲ್ಲಿ ನರಪಿಳ್ಳೆ ಇರಲಿಲ್ಲ. ಕಿಟಕಿಯಿಂದ ಬಿಸಿಲು ಬಿದ್ದು ಕೆಂಪು ರತ್ನಗಂಬಳಿ ಹೊಳೆಯುತ್ತಿತ್ತು. ಅಪ್ಪ ಟೋಪಿ ತೆಗೆದು ಸೊಂಟದವರೆಗೆ ಬಗ್ಗಿ, ನಮ್ಮ ಮಾತಿನಲ್ಲಿ, “ತಡ ಆಯ್ತು. ಬನ್ನಿ” ಎಂದರು. ಒಂದು ಉಸಿರಿನಷ್ಟು ಹೊತ್ತು ಕಾದು ಜಾಲರಿ ಎಳೆದರು.

“ಯಾರಿಗಪ್ಪಾ ಅಷ್ಟು ದೊಡ್ಡ ನಮಸ್ಕಾರ?” ಎಂದರು ಮಿಸೆಸ್ ಹ್ಯಾಲೊರನ್. “ಹತ್ತು ವರ್ಷದಿಂದ ಬಾಡಿಗೆ ಕೊಡ್ತಿದೀನಿ. ನನ್ನ ಕಂಡ್ರೆ ಬರೀ ಕತ್ತು ಆಡಿಸ್ತೀಯ!”

“ನಾಲ್ಕನೇ ಮಹಡಿಯವರು, ಅಮ್ಮಾ. ನಿಮಗಿಂತ ಹಳಬರು” ಎಂದರು ಅಪ್ಪ.

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಿಂದಿನ ಎಡಮೂಲೆಯಲ್ಲಿ ನಿಂತಿದ್ದೆ. ಅಪ್ಪ ನನ್ನ ಭುಜ ಹಿಡಿದು ಮೆಲ್ಲಗೆ ಈಚೆಗೆ ಸರಿಸಿ, “ಅಲ್ಲಿ ಬೇಡ ಮಗಳೇ, ಇಕ್ಕಟ್ಟಾಗತ್ತೆ” ಎಂದರು. ಆ ಮೂಲೆ ಖಾಲಿಯೇ ಉಳಿಯಿತು. ಅಲ್ಲಿಂದ ಒಂದು ವಾಸನೆ ಬಂತು. ಒದ್ದೆ ಹುಲ್ಲಿನದೋ ನಿಂತ ನೀರಿನದೋ ತಿಳಿಯಲಿಲ್ಲ. ಈ ಊರಿನ ಸಮುದ್ರದ ವಾಸನೆ ನನಗೆ ಗೊತ್ತು. ಇದು ಅದಲ್ಲ.

ಯುದ್ಧ ಮುಗಿದ ಐದನೇ ವರ್ಷ ನೀವು ಒಣಮೀನು, ಚಹಾ ಕಳಿಸಿದ್ದು ನೆನಪಿದೆಯೇ? ನಿಮ್ಮೂರಿನ ಸರೋವರದ ಜೊಂಡಿನ ಚಾಪೆಯಲ್ಲಿ ಸುತ್ತಿದ್ದಿರಿ. ಆ ಗಂಟು ಬಿಚ್ಚಿದವಳು ನಾನೇ. ಚಾಪೆಯ ವಾಸನೆ ಮೂಗಿಗೆ ಬಡಿದಾಗ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಹದಿನೆಂಟು ವರ್ಷದ ಹಿಂದೆ ಲಿಫ್ಟಿನ ಮೂಲೆಯಲ್ಲಿ ಬಂದದ್ದು ಅದೇ ವಾಸನೆ. ಅಮ್ಮ ಆ ಚಾಪೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಅಪ್ಪ ಅದನ್ನು ಸುತ್ತಿಕೊಂಡು ಹೋಟೆಲಿಗೆ ಒಯ್ದರು. ಎಲ್ಲಿಟ್ಟರೋ ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಈಗ ಅಮ್ಮನ ವಿಷಯ. ಬರೆಯಲು ಕೈ ಬರುತ್ತಿಲ್ಲ.

ಪ್ರತಿ ವರ್ಷ ಮೇ ಕೊನೆಯಲ್ಲಿ ಇಲ್ಲಿಯವರು ಸಮಾಧಿಗಳಿಗೆ ಹೂ ಇಡುತ್ತಾರೆ. ಗುಡ್ಡದ ಮೇಲಿನ ಸ್ಮಶಾನದಲ್ಲಿ ನಮ್ಮದು ಅನ್ನುವ ಒಂದು ಪುಟ್ಟ ಕಲ್ಲಿತ್ತು. ಅಮ್ಮ ಗುಡಿಸಿ, ನೀರು ಹಾಕಿ, ಅನ್ನದ ಉಂಡೆ ಇಟ್ಟು ಊದುಬತ್ತಿ ಹಚ್ಚುತ್ತಿದ್ದಳು. ಜಪಾನೀ ಶಾಲೆಗೆ ಸೇರಿ ಅಕ್ಷರ ಕಲಿತ ವರ್ಷ ನಾನು ಆ ಕಲ್ಲನ್ನು ಜೋರಾಗಿ ಓದಿದೆ: ಸೊದೆ ಹಾಮಗುಚಿ. ಅಮ್ಮ ಬೆಚ್ಚಿ ಹಿಂದಕ್ಕೆ ತಿರುಗಿ, ಯಾರೋ ಕರೆದಂತೆ ನನ್ನನ್ನೇ ನೋಡಿದಳು.

“ಇವರು ಯಾರಮ್ಮ?” ಎಂದು ಕೇಳಿದೆ.

“ಅಂಥಾ ಒಳ್ಳೆಯವಳೇನಲ್ಲ. ಗಂಡನ್ನ ಬಿಟ್ಟು ಓಡಿಬಂದವಳು” ಎಂದಳು ಅಮ್ಮ. “ಆದ್ರೂ ಅನ್ನ ಇಡಬೇಕು. ಒಳಗಿರೋರಿಗೆ ಹಸಿವು ಆಗತ್ತಲ್ಲ.”

ನಿಮಗೆ ಕಳಿಸಿದ ಎಲ್ಲ ಫೋಟೋಗಳಲ್ಲೂ ಅಮ್ಮ ಕೊಡೆ ಹಿಡಿದಿದ್ದಾಳೆ, ಇಲ್ಲವೇ ನನ್ನ ಕಡೆ ತಿರುಗಿದ್ದಾಳೆ. “ಅಕ್ಕ ಇಷ್ಟು ನಾಚಿಕೆಯವಳಾಗಿದ್ದು ಯಾವಾಗ?” ಎಂದು ನೀವು ತಮಾಷೆ ಮಾಡಿದ್ದಿರಿ. ಚಿಕ್ಕಮ್ಮ, ಅದು ನಾಚಿಕೆಯಲ್ಲ. ನನ್ನ ತಾಯಿ ನಿಮ್ಮ ಅಕ್ಕ ಅಲ್ಲ. ಅವಳ ಹೆಸರು ಸೊದೆ. ಆ ಕಲ್ಲಿನ ಮೇಲಿದ್ದದ್ದು ಅವಳದೇ ಹೆಸರು. ಕಲ್ಲಿನ ಕೆಳಗೆ ಇರುವವರು ನಿಮ್ಮ ಅಕ್ಕ ಇಸೊ. ಅವರು ಈ ದೇಶಕ್ಕೆ ಬಂದ ಎಂಟೇ ತಿಂಗಳಿಗೆ, ೧೯೧೮ರ ಅಕ್ಟೋಬರಿನಲ್ಲಿ, ತೀರಿಕೊಂಡರು.

ಇದು ನನಗೂ ತಿಳಿದದ್ದು ಈ ಜನವರಿಯಲ್ಲಿ. ಆಸ್ಪತ್ರೆಯ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದರು. ಅವರ ಮಾತನ್ನೇ ಬರೆಯುತ್ತೇನೆ. ನಾನು ಏನು ಸೇರಿಸಿದರೂ ಅದು ತಪ್ಪಾಗುತ್ತದೆ.

ಆ ವರ್ಷದ ಜ್ವರ ನಿಮಗೂ ಗೊತ್ತು. ಇಲ್ಲಿ ಊರಿಗೆ ಊರೇ ಮೂಗಿಗೆ ಬಿಳಿಬಟ್ಟೆ ಕಟ್ಟಿಕೊಂಡು ಓಡಾಡುತ್ತಿತ್ತು. ಅಪ್ಪ, ಇಸೊ ಇಬ್ಬರಿಗೂ ನಾಲ್ಕನೇ ಮಹಡಿಯಲ್ಲಿ ಚಾದರ ಇಡುವ ಕೋಣೆಯ ಪಕ್ಕ ಒಂದು ಗೂಡು ಕೊಟ್ಟಿದ್ದರು. ಇಸೊ ಜ್ವರ ಬಂದು ಮಲಗಿದರು. ಮ್ಯಾನೇಜರು ಆ ಮಹಡಿಯ ಅತಿಥಿಗಳನ್ನು ಬೇರೆ ಕಡೆಗೆ ಕಳಿಸಿ, ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿಸಿ ಅಪ್ಪನಿಗೆ ಹೇಳಿದನಂತೆ, “ನಾಲ್ಕರಲ್ಲಿ ನಿಲ್ಲಿಸಬೇಡ. ಒಬ್ಬರಿಗೆ ಗೊತ್ತಾದ್ರೂ ಹೋಟೆಲು ಖಾಲಿ ಆಗತ್ತೆ. ನಾಲ್ಕು ಗಂಟೆಗೆ ಡಾಕ್ಟರ್ ಬರ್ತಾರೆ. ಅಲ್ಲೀವರೆಗೆ ನಿನ್ನ ಕೆಲಸ ನೀನು ನೋಡು.”

“ಹನ್ನೊಂದು ಗಂಟೆಗೆ ಗಂಟೆ ಹೊಡೀತು” ಎಂದರು ಅಪ್ಪ. “ನಾಲ್ಕರ ತಗಡು ಬಿತ್ತು. ಅವಳೇ ಅಂತ ಗೊತ್ತಾಯ್ತು. ಲಿಫ್ಟಲ್ಲಿ ಟೋಪಿ ಹಾಕ್ಕೊಂಡ ಮೂರು ಜನ ಇದ್ರು. ನಾನು ನಿಲ್ಲಿಸಲಿಲ್ಲ. ಜಾಲರಿ ಬಾಗಿಲು ನೋಡು, ಆಚೆ ಇರೋದೆಲ್ಲ ಕಾಣತ್ತೆ. ಅವಳು ಕಂಬಿ ಹಿಡ್ಕೊಂಡು ನಿಂತಿದ್ಲು. ನೀರು ಅಂದ್ಲು. ನಾನು ಮೇಲೆ ಹೋದೆ. ಕೆಳಗೆ ಬರೋವಾಗ ಕೂತಿದ್ಲು. ಇನ್ನೊಂದು ಸಲ ಮೇಲೆ ಹೋಗೋವಾಗ ನನ್ನ ಹೆಸರು ಕರೆದ್ಲು. ಆಮೇಲೆ ಕರೀಲಿಲ್ಲ. ಕೆಲಸದಲ್ಲಿರೋ ಗಂಡನ್ನ ನಾಲ್ಕು ಜನದ ಮುಂದೆ ಕರೀಬಾರದು ಅನ್ನಿಸಿರಬೇಕು. ಗುಂಡಿ ಮಾತ್ರ ಒತ್ತುತಾ ಇದ್ಲು. ಎಷ್ಟು ಸಲ ದಾಟಿ ಹೋದೆ ಅಂತ ಎಣಿಸಲಿಲ್ಲ. ಎಣಿಸಿದ್ದಿದ್ರೆ ಕೈ ನಿಂತುಬಿಡ್ತಿತ್ತು.”

“ಅತಿಥಿಗಳು ನೋಡಲಿಲ್ಲವಾ?” ಎಂದೆ.

“ನೋಡಿದ್ರು. ಒಬ್ಬಾಕೆ ಕಣ್ಣು ಮುಚ್ಚಿಕೊಂಡ್ಲು.” ಅಪ್ಪ ಹೇಳಿದರು, “ಡಾಕ್ಟರ್ ಬರ್ತಾರೆ ಅಂದಿದ್ರಲ್ಲ, ನಂಬಿದೆ. ನಂಬೋದು ಸುಲಭ ಇತ್ತು ಫುಜಿಯೆ.”

ಡಾಕ್ಟರು ಬರಲೇ ಇಲ್ಲ. ಎರಡು ಗಂಟೆಯ ಹೊತ್ತಿಗೆ ತಗಡು ಬೀಳುವುದು ನಿಂತಿತು. ಅಪ್ಪ ಕೆಲಸದ ಪಾಳಿ ಮುಗಿಸಿ ನಾಲ್ಕರಲ್ಲಿ ಜಾಲರಿ ತೆಗೆದಾಗ ಇಸೊ ಅದಕ್ಕೇ ಒರಗಿಕೊಂಡಿದ್ದರಂತೆ. ಬಾಗಿಲು ಸರಿಸಿದ ಕೂಡಲೇ ಲಿಫ್ಟಿನ ಒಳಕ್ಕೆ, ಹಿಂದಿನ ಎಡಮೂಲೆಯ ಕಡೆಗೆ ವಾಲಿ ಬಿದ್ದರು.

ಅಪ್ಪ ಹಾಗೇ ಲಿಫ್ಟು ಕೆಳಗಿಳಿಸಿದಾಗ ಓಡಿ ಬಂದವಳು ಸೊದೆ. ಹಾಸಿಗೆ ಹಾಸುವ ಕೆಲಸದವಳು. ಮರದ ಮಿಲ್ಲಿನ ಊರಿನಲ್ಲಿ ಹೊಡೆದು ಹೊಡೆದು ಒಂದು ಕಿವಿ ಕೆಡಿಸಿದ್ದ ಗಂಡನಿಂದ ತಪ್ಪಿಸಿಕೊಂಡು ಬಂದು ಅಡಗಿದ್ದಳು. ಅವನು ಜಪಾನೀ ಪತ್ರಿಕೆಯಲ್ಲಿ ಅವಳ ಫೋಟೋ ಹಾಕಿಸಿ, ಹಿಡಿದುಕೊಟ್ಟವರಿಗೆ ಬಹುಮಾನ ಎಂದು ಸಾರಿದ್ದ. ಮ್ಯಾನೇಜರು ಕಾಗದ ಹಿಡಿದು ಬಂದು, “ಸತ್ತವಳ ಹೆಸರೇನು? ಬೇಗ ಹೇಳಿ” ಎಂದು ಅಪ್ಪನನ್ನು ಕೇಳಿದ. “ಸೊದೆ ಹಾಮಗುಚಿ” ಎಂದವಳು ನನ್ನ ತಾಯಿ. ಆಮೇಲೆ ಅಪ್ಪನ ಕಡೆ ತಿರುಗಿ, “ಸತ್ತವಳಿಗೆ ಇನ್ನು ಹೆಸರು ಯಾಕೆ? ನನಗೆ ಬೇಕು” ಎಂದಳಂತೆ.

ಒಂದು ತಿಂಗಳಿಗೆ ಅವಳ ಗಂಡ ಹುಡುಕಿಕೊಂಡು ಬಂದ. ಅಪ್ಪನೇ ಅವನನ್ನು ಸ್ಮಶಾನಕ್ಕೆ ಕರೆದೊಯ್ದು ಕಲ್ಲು ತೋರಿಸಿದರು. ಅವನು ಕೋಲಿನಿಂದ ಆ ಕಲ್ಲಿಗೆ ಎರಡು ಏಟು ಹಾಕಿ ಹೊರಟುಹೋದ. ಆ ಏಟೂ ನಿಮ್ಮ ಅಕ್ಕನಿಗೇ ಬಿತ್ತು.

ಅಪ್ಪ ನಿಮ್ಮ ತಾಯಿಗೆ ಸಾವಿನ ಸುದ್ದಿ ಬರೆಯಲು ಕೂತರು. ಹೇಗೆ ಸತ್ತಳು ಎಂದು ಬರೆಯಬೇಕಲ್ಲ, ಅಲ್ಲಿಗೆ ಬಂದು ಕೈ ನಿಂತಿತು. ಬದಲಿಗೆ, “ಅಮ್ಮಾ, ಅಡುಗೆ ಒಲೆಯಲ್ಲಿ ನನ್ನ ಬಲಗೈ ಸುಟ್ಟಿದೆ, ನಾನು ಹೇಳಿದ್ದನ್ನು ಇವರು ಬರೆಯುತ್ತಿದ್ದಾರೆ” ಎಂದು ಬರೆದರು. ಆ ಕೈ ನಲವತ್ತು ವರ್ಷವಾದರೂ ವಾಸಿಯಾಗಲಿಲ್ಲ. ನಿಮ್ಮ ಮದುವೆಗೆ ಹರಸಿದ್ದು, ನಿಮ್ಮ ಮಗು ಹೋದಾಗ ಹಾಳೆಗಟ್ಟಲೆ ಅತ್ತದ್ದು, ಎಲ್ಲ ಅಪ್ಪ. ಅಳು ಸುಳ್ಳಾಗಿರಲಿಲ್ಲ. ಬರೆಯುವಾಗ ಅವರು ಗೋಡೆಯ ಕಡೆ ತಿರುಗಿ ಕೂರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಇಸೊ ಹೋದ ಮಾರನೇ ವಾರ, ಬೆಳಿಗ್ಗೆ ಹನ್ನೊಂದಕ್ಕೆ, ನಾಲ್ಕರ ತಗಡು ಮತ್ತೆ ಬಿತ್ತು. ಮ್ಯಾನೇಜರು ಮಿಸ್ತ್ರಿಯನ್ನು ಕರೆಸಿ ಆ ಮಹಡಿಯ ತಂತಿಯನ್ನೇ ಕತ್ತರಿಸಿ ಹಾಕಿಸಿದ. ಗಂಟೆ ನಿಂತಿತು. ತಗಡು ನಿಲ್ಲಲಿಲ್ಲ. ಅಂದಿನಿಂದ ಅಪ್ಪ ಒಂದು ಸಲವೂ ಆ ಮಹಡಿಯನ್ನು ಸುಮ್ಮನೆ ದಾಟಿ ಹೋಗಲಿಲ್ಲ.

೧೯೪೨ರಲ್ಲಿ ನಮ್ಮವರನ್ನೆಲ್ಲ ಐಡಾಹೋದ ಮರುಭೂಮಿಯ ಶಿಬಿರಕ್ಕೆ ಸಾಗಿಸಿದಾಗ, ಮಂಚ, ಪಾತ್ರೆ ಮಾರುವ ಗಡಿಬಿಡಿಯಲ್ಲಿ ಎಲ್ಲರೂ ಇದ್ದರೆ ಅಪ್ಪ ಹೋಟೆಲಿಗೆ ಹೋಗಿ ಕೂತಿದ್ದರು. ಅಮ್ಮ ನನ್ನನ್ನು ಅಟ್ಟಿದಳು: “ಹೋಗಿ ಎಳ್ಕೊಂಡು ಬಾ. ಅವಳ ಹತ್ರ ಹೇಳಿ ಹೋಗೋಕೆ ಇಡೀ ದಿನ ಬೇಕಾ?” ಅವಳೆಂದರೆ ಯಾರೆಂದು ನಾನು ಕೇಳಲಿಲ್ಲ. ಅಪ್ಪ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಇಪ್ಪತ್ತೊಂದು ವರ್ಷದವಳಿಗೆ ಬೇರೆ ಏನು ಹೊಳೆಯುತ್ತದೆ, ಹೇಳಿ.

ಮೂರು ವರ್ಷವಾದ ಮೇಲೆ ವಾಪಸು ಬಂದಾಗ ಜಪಾನೀಯರಿಗೆ ಕೆಲಸ ಕೊಡುವವರೇ ಇರಲಿಲ್ಲ. ಅಂಗಡಿಗಳ ಬಾಗಿಲಲ್ಲೇ ನಮಗೆ ಪ್ರವೇಶವಿಲ್ಲ ಎಂದು ಬರೆದಿತ್ತು. ಹೋಟೆಲಿನ ಹೊಸ ಮ್ಯಾನೇಜರು ಮಾತ್ರ ತಾನೇ ನಮ್ಮನ್ನು ಹುಡುಕಿಕೊಂಡು ಮಂದಿರದ ಹಜಾರಕ್ಕೆ ಬಂದ. ನಾವಾಗ ಅಲ್ಲೇ ನೆಲದ ಮೇಲೆ ಮಲಗುತ್ತಿದ್ದೆವು.

“ನೀನು ಹೋದ ಮೇಲೆ ಹನ್ನೆರಡು ಜನ ಲಿಫ್ಟಿನ ಕೆಲಸ ಬಿಟ್ಟುಹೋದ್ರಪ್ಪ” ಎಂದ. “ಒಬ್ಬನ ಕಾಲ ಮೇಲೆ ಲಿಫ್ಟಿನೊಳಗೆ ನೀರು ಹರೀತಂತೆ. ಇನ್ನೊಬ್ಬ ನಾಲ್ಕರಲ್ಲಿ ನಿಲ್ಲಿಸದೆ ಹೋದನಂತೆ, ಎರಡು ಗಂಟೆ ಹೊತ್ತು ಮಹಡಿಗಳ ನಡುವೇನೇ ಸಿಕ್ಕಿಹಾಕ್ಕೊಂಡ. ನಿನಗೇನು ಬೇಕೋ ಕೇಳು. ಬಂದುಬಿಡು.”

ಅಪ್ಪ ಕೇಳಿದ್ದು ಇಷ್ಟೇ: “ಅವರಿಗೆ ಯಾರಾದ್ರೂ ಬೈದ್ರಾ?”

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಕಲ್ಲಿನ ಮೇಲೆ ಇಸೊ ನಿಶಿಬೊರಿ ಎಂದಿದೆ. ಅದೇ ಗುಡ್ಡದಲ್ಲಿ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಇಬ್ಬರೂ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು ಮಲಗಿದ್ದಾರೆ. ಅಮ್ಮ ನಿಮ್ಮ ಅಕ್ಕನ ಹೆಸರನ್ನು ಕದ್ದಳು ಎಂದು ನೀವು ಹೇಳಿದರೆ ಇಲ್ಲ ಎನ್ನಲಾರೆ. ಆ ಹೆಸರು ಸಿಗದಿದ್ದರೆ ಅವಳು ಆ ಚಳಿಗಾಲ ದಾಟುತ್ತಿರಲಿಲ್ಲ, ನಾನು ಹುಟ್ಟುತ್ತಿರಲಿಲ್ಲ. ನಿಮ್ಮನ್ನು ಚಿಕ್ಕಮ್ಮ ಎನ್ನುವ ಹಕ್ಕು ನನಗಿಲ್ಲ. ಆದರೂ ನಾಲಿಗೆಗೆ ಬೇರೆ ಮಾತು ಬರುವುದಿಲ್ಲ. ಮಗುವಾಗಿದ್ದಾಗಿನಿಂದ ದೇವರ ಗೂಡಿನ ಮುಂದೆ ಹರಸಿ ಎಂದು ಕೇಳಿಕೊಂಡ ಹೆಸರುಗಳಲ್ಲಿ ನಿಮ್ಮದೂ ಒಂದು.

ಕ್ಯಾಲ್ಡರ್ ಹೌಸ್ ಇರುವ ಬೀದಿಯಲ್ಲಿ ದೊಡ್ಡ ಹೆದ್ದಾರಿ ಬರುತ್ತಿದೆ. ಅಕ್ಟೋಬರಿನಲ್ಲಿ ಕಟ್ಟಡ ಕೆಡವುತ್ತಾರೆ. ಹೋದ ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಕಾವಲುಗಾರ ಅಪ್ಪನನ್ನು ಬಲ್ಲವನು. “ಕರೆಂಟು ಇನ್ನೂ ಇದೆ. ಒಂದು ಸುತ್ತು ಹೋಗಿ ಬಾರಮ್ಮ” ಎಂದ. ಹಿಡಿಕೆ ಅಪ್ಪನ ಕೈಯಲ್ಲಿ ಸವೆದು ಹೊಳೆಯುತ್ತಿತ್ತು. ಎರಡು ದಾಟಿದೆ, ಮೂರು ದಾಟಿದೆ. ನಾಲ್ಕರ ತಗಡು ಬಿತ್ತು.

ನಿಲ್ಲಿಸಿ ಜಾಲರಿ ತೆಗೆದೆ. ರತ್ನಗಂಬಳಿ ಕಿತ್ತುಕೊಂಡು ಹೋಗಿದ್ದರು. ಬರಿಯ ಹಲಗೆಯ ಮೇಲೆ ದಪ್ಪ ಧೂಳು, ಒಂದು ಹೆಜ್ಜೆಯ ಗುರುತೂ ಇಲ್ಲ. ಬಗ್ಗಿ, ಅಪ್ಪ ಹೇಳುತ್ತಿದ್ದುದನ್ನೇ ಹೇಳಿದೆ. ಆಮೇಲೆ, “ನಿಮ್ಮ ತಂಗಿ ಬರ್ತಾರಂತೆ” ಎಂದೂ ಹೇಳಿದೆ. ಜೊಂಡಿನ ವಾಸನೆ ಲಿಫ್ಟಿನೊಳಗೆ ಬಂದು ತುಂಬಿಕೊಂಡಿತು.

ಅಪ್ಪ ಒಮ್ಮೆ ಹೇಳಿದ್ದರು: ಆ ಲಿಫ್ಟಿನಲ್ಲಿ ಒಬ್ಬರೇ ಇದ್ದರೆ ಕೆಳಗೆ ನಿಂತಾಗ ನೆಲಕ್ಕಿಂತ ಎರಡು ಬೆರಳು ಮೇಲಿರುತ್ತದೆ, ಇಬ್ಬರಾದರೆ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಅಂದು ಸಮನಾಗಿ ನಿಂತಿತು.

ನೀವು ಬರುವುದಾದರೆ ಬಂದರಿಗೆ ನಾನೇ ಬರುತ್ತೇನೆ. ಕಟ್ಟಡ ಕೆಡವುವ ಮೊದಲು ನಿಮ್ಮ ಅಕ್ಕನನ್ನು ಅಲ್ಲಿಂದ ಕರೆದುಕೊಂಡು ಹೋಗಬೇಕಾದವರು ನೀವೇ. ನನ್ನ ಮೇಲೆ ಸಿಟ್ಟಿದ್ದರೆ ಬೈಯಿರಿ. ಅವರನ್ನು ಮಾತ್ರ ಇನ್ನೊಂದು ಸಲ ಕಾಯಿಸಬೇಡಿ.

ನಿಮ್ಮವಳು ಎಂದು ಬರೆಯಲು ಹೆದರುತ್ತಿರುವ,
ಫುಜಿಯೆ

ತಾ.ಕ. ಒಂದನ್ನು ಮುಚ್ಚಿಟ್ಟು ಸಹಿ ಹಾಕಿದ್ದೆ. ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಅಪ್ಪನ ಬಲಗೈ ಮೂರು ವರ್ಷದ ಹಿಂದೆಯೇ ಲಕ್ವ ಹೊಡೆದು ಬಿದ್ದುಹೋಗಿತ್ತು. ಅಂದಿನಿಂದ ನಿಮಗೆ ಬಂದ ಕಾಗದಗಳನ್ನು ಬರೆದವಳು ನಾನು, ಅಪ್ಪನ ಅಕ್ಷರ ಅನುಕರಿಸಿ. ಸತ್ತ ತಾಯಿ ಬದುಕಿದ್ದಾಳೆಂದು ಬರೆಯುತ್ತಿದ್ದೇನೆ, ಅಷ್ಟೇ ಎಂದುಕೊಂಡಿದ್ದೆ. “ನಾಲ್ಕನೇ ಮಹಡಿಯವರ ಮನೆಗೆ ಕಾಗದ ಹೋಗಲೇಬೇಕು” ಎಂದು ಅಪ್ಪ ಹಟ ಹಿಡಿಯುತ್ತಿದ್ದರು. ನನಗೆ ಅರ್ಥವಾಗುತ್ತಿರಲಿಲ್ಲ. ಈ ಮಾರ್ಚಿನಲ್ಲಿ, ಎಲ್ಲ ತಿಳಿದ ಮೇಲೂ, ಸತ್ಯ ಹೇಳಲು ಧೈರ್ಯ ಸಾಲದೆ ಇನ್ನೊಂದು ಕಾಗದ ಬರೆದೆ. ಅದಕ್ಕೆ ಉತ್ತರವಾಗಿ ನೀವು ಬರೆದಿದ್ದೀರಿ: “ಎರಡನೇ ಹಾಳೆಯಲ್ಲಿ ನೀನು ಹೇಳಿದ ಹಾಗೆಯೇ ದೋಣಿಮನೆಯ ಮೂರನೇ ಕಂಬದ ಬುಡ ಅಗೆದೆ ಅಕ್ಕ. ನಾವಿಬ್ಬರೂ ಹೂತಿಟ್ಟ ಗೊಂಬೆ ಸಿಕ್ಕಿತು.” ನುಯಿ ಚಿಕ್ಕಮ್ಮ, ಆ ಲಕೋಟೆಯಲ್ಲಿ ನಾನು ಇಟ್ಟದ್ದು ಒಂದೇ ಹಾಳೆ. ಎರಡನೆಯದನ್ನು ಸುಡಬೇಡಿ, ಬರುವಾಗ ತನ್ನಿ. ನಿಮ್ಮ ಅಕ್ಕನ ಅಕ್ಷರ ಹೇಗಿರುತ್ತದೆಂದು ನಾನು ಒಮ್ಮೆಯೂ ನೋಡಿಲ್ಲ.